ಕೊನೆ ತಿಳಿದರೆ ಕಥೆ ಕೆಡುವುದೆ?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಜಗಳ ನಡೆಯಿತು. ಜಗಳವಾಡಿದವರು ನನ್ನ ತಂಗಿಯ ಮಕ್ಕಳಿಬ್ಬರು. ಹಿರಿಯವಳು ಕಾಲೇಜಿನಲ್ಲಿ ಓದುತ್ತಿರುವವಳು. ಕಿರಿಯವನು ಹೈಸ್ಕೂಲಿನ ಹುಡುಗ. ಜಗಳದ ಮೂಲ ಹಣವಲ್ಲ, ಬಟ್ಟೆಯಲ್ಲ, ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಮಾವಿನ ಹಣ್ಣೂ ಅಲ್ಲ. ಹುಡುಗನು ದಿನಕ್ಕೆ ಒಂದು ಕಂತಿನಂತೆ ನೋಡುತ್ತಿದ್ದ ಕೊರಿಯ ದೇಶದ ಒಂದು ಧಾರಾವಾಹಿಯಲ್ಲಿ ಕಟ್ಟಕಡೆಗೆ ಅಪರಾಧಿಯೆಂದು ಹೊರಬೀಳುವವನು ಯಾರೆಂಬುದನ್ನು ಅಕ್ಕ ಊಟದ ನಡುವೆ ಬಾಯಿತಪ್ಪಿ ಆಡಿಬಿಟ್ಟಳು. (ಧಾರಾವಾಹಿಯ ಹೆಸರನ್ನು ಇಲ್ಲಿ ಬರೆದು ನಾನೂ ಆ ಪಾಪದಲ್ಲಿ ಪಾಲುಗಾರನಾಗಲಾರೆ.) ಅವನು ಅರ್ಧ ಉಂಡ ತಟ್ಟೆಯನ್ನು ಸರಿಸಿ ಎದ್ದುಹೋದನು. ಎರಡು ದಿನ ಅಕ್ಕತಮ್ಮಂದಿರಲ್ಲಿ ಮಾತಿಲ್ಲ. "ಮಾವ, ನಾನೇನು ಅಂಥ ಮಹಾಪರಾಧ ಮಾಡಿದೆ?" ಎಂದು ಹುಡುಗಿ ನನ್ನ ಬಳಿ ಬಂದು ಕೇಳಿದಾಗ ನನಗೆ ನಗು ಬಂದಿತು.

ಆದರೆ ಮೂರನೆಯ ದಿನ ನಗು ನಿಂತಿತು. ಬೆಳಗ್ಗೆ ಎಂಟು ಗಂಟೆಗೆ ಹುಡುಗನು ಕೆಂಗಣ್ಣು ಮಾಡಿಕೊಂಡು ಕಾಫಿಗೆ ಬಂದನು. ಮತ್ತೊಂದು ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದ್ದನು. ಏಕೆ ಹೀಗೆ ಮಾಡಿದೆಯೆಂದು ಕೇಳಿದರೆ, "ನಿಧಾನವಾಗಿ ನೋಡಿದರೆ ಯಾರಾದರೂ ಹೇಳಿಬಿಡುತ್ತಾರೆ ಮಾವ. ಮೊದಲೇ ಮುಗಿಸಿಬಿಟ್ಟರೆ ಭಯವಿಲ್ಲ" ಎಂದನು. ಕಥೆಯನ್ನು ಉಳಿಸಿಕೊಳ್ಳುವ ಸಲುವಾಗಿ ನಿದ್ರೆಯನ್ನು ತೆತ್ತಿದ್ದನು. ಈ ವ್ಯಾಪಾರದಲ್ಲಿ ಲಾಭವಾದುದು ಯಾರಿಗೆ, ನಷ್ಟವಾದುದು ಏನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಒಂದೇ ಪಟ್ಟಿಗೆ ಕುಳಿತು ಕಂತಿನ ಮೇಲೆ ಕಂತು ನೋಡುವುದಕ್ಕೆ 'ಬಿಂಜ್ ವಾಚಿಂಗ್' ಎಂದೂ, ಕಥೆಯ ಗುಟ್ಟನ್ನು ಮುಂಚಿತವಾಗಿ ರಟ್ಟುಮಾಡುವ ಮಾತಿಗೆ 'ಸ್ಪಾಯ್ಲರ್' ಎಂದೂ ಹೆಸರು. ಮೊದಲನೆಯ ಪದವು ಎಷ್ಟು ಬೇಗ ಬಳಕೆಗೆ ಬಂದಿತೆಂದರೆ, ಇಂಗ್ಲೆಂಡಿನ ಕಾಲಿನ್ಸ್ ನಿಘಂಟಿನವರು ೨೦೧೫ರಲ್ಲಿ ಅದನ್ನೇ ವರ್ಷದ ಪದವೆಂದು ಆರಿಸಿದರು. ಇದಕ್ಕೆ ದಾರಿ ಮಾಡಿಕೊಟ್ಟ ಸಂಗತಿಗಳಲ್ಲಿ ಮುಖ್ಯವಾದುದು ೨೦೧೩ರ ಫೆಬ್ರವರಿ ೧ರಂದು ನಡೆಯಿತು. ಅಂದು ನೆಟ್‌ಫ್ಲಿಕ್ಸ್ ಸಂಸ್ಥೆಯು 'ಹೌಸ್ ಆಫ್ ಕಾರ್ಡ್ಸ್' ಎಂಬ ಧಾರಾವಾಹಿಯ ೧೩ ಕಂತುಗಳನ್ನೂ ಏಕಕಾಲಕ್ಕೆ ಪ್ರೇಕ್ಷಕರ ಮುಂದೆ ಸುರಿಯಿತು. ಅದಕ್ಕೆ ಹಿಂದಿನ ಪದ್ಧತಿ ಎಂಥದು? ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ ೧೯೮೦ರ ಮಾರ್ಚಿ ೨೧ರಂದು ಪ್ರಧಾನ ಪಾತ್ರವೊಂದಕ್ಕೆ ಗುಂಡೇಟು ಬಿದ್ದಿತು. ಹೊಡೆದವರು ಯಾರೆಂಬುದು ಜನರಿಗೆ ತಿಳಿದುದು ನವೆಂಬರ್ ೨೧ರಂದು. ಎಂಟು ತಿಂಗಳು! ಆ ರಾತ್ರಿ ಸುಮಾರು ಎಂಟು ಕೋಟಿ ಮೂವತ್ತು ಲಕ್ಷ ಅಮೆರಿಕನ್ನರು ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಗುಟ್ಟು ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಅಕ್ಕನು ತಮ್ಮನಿಗಿಂತ ಮುಂದೆ ಹೋಗುವ ಪ್ರಮೇಯವೇ ಇರಲಿಲ್ಲ. ಇಂದು ಒಬ್ಬನು ಮೂರನೆಯ ಕಂತಿನಲ್ಲಿರುವಾಗ ಪಕ್ಕದವನು ಹತ್ತನೆಯದನ್ನು ಮುಗಿಸಿರುತ್ತಾನೆ. ಗುಟ್ಟು ಒಡೆಯುವ ಭಯ ಇಷ್ಟು ಬೆಳೆದುದಕ್ಕೆ ಕಾರಣ ಜನರ ಬಾಯಿ ಸಡಿಲವಾದುದಲ್ಲ. ನೋಡುವ ಕಾಲ ಒಬ್ಬೊಬ್ಬರಿಗೆ ಒಂದೊಂದಾಗಿ ಚೆದುರಿಹೋದುದು.

ಭಯವೇನೋ ಹಳೆಯದೇ. ಅಗಾಥಾ ಕ್ರಿಸ್ಟಿ ಬರೆದ 'ದಿ ಮೌಸ್‌ಟ್ರ್ಯಾಪ್' ನಾಟಕವು ಲಂಡನ್ನಿನ ರಂಗಭೂಮಿಯನ್ನೇರಿದುದು ೧೯೫೨ರ ನವೆಂಬರಿನಲ್ಲಿ. ಕೊಲೆಗಾರನು ಯಾರೆಂಬುದನ್ನು ಹೊರಗೆ ಹೋಗಿ ಹೇಳಬೇಡಿರೆಂದು ನಾಟಕದ ಕೊನೆಯಲ್ಲಿ ಪ್ರೇಕ್ಷಕರನ್ನು ಬೇಡಿಕೊಳ್ಳುವುದು ಅಲ್ಲಿನ ಸಂಪ್ರದಾಯ. ೧೯೬೦ರಲ್ಲಿ ಹಿಚ್‌ಕಾಕ್ ತನ್ನ 'ಸೈಕೋ' ಚಿತ್ರ ಆರಂಭವಾದ ಮೇಲೆ ಯಾರನ್ನೂ ಚಿತ್ರಮಂದಿರದ ಒಳಗೆ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿದ್ದನು.

ಆದರೆ ನಮ್ಮ ಕಡೆಯ ರೂಢಿಯನ್ನು ನೋಡಿದರೆ ಚಿತ್ರವೇ ಬೇರೆಯಾಗುತ್ತದೆ. 'ಗದಾಯುದ್ಧ' ಪ್ರಸಂಗವನ್ನು ನೋಡಲು ಬಯಲಿನಲ್ಲಿ ಚಾಪೆ ಹಾಸಿ ಕುಳಿತ ಯಾವನಿಗೆ ತಾನೆ ಕೌರವನ ತೊಡೆ ಮುರಿಯುವುದೆಂಬುದು ಗೊತ್ತಿರಲಿಲ್ಲ? ಆಟದ ಹೆಸರೇ ಕೊನೆಯನ್ನು ಸಾರಿ ಹೇಳುತ್ತದೆ. ಆದರೂ ವೈಶಂಪಾಯನ ಸರೋವರದಿಂದ ಕೌರವನು ಎದ್ದುಬರುವ ಹೊತ್ತಿಗೆ ತೂಕಡಿಸುತ್ತಿದ್ದ ಮುದುಕರೂ ಎಚ್ಚರಗೊಳ್ಳುತ್ತಿದ್ದರು. ಗಮಕಿಗಳು ಕುಮಾರವ್ಯಾಸನ ಭಾರತವನ್ನು ಓದುವಾಗ ಮುಂದೇನೆಂದು ತಿಳಿಯದವರು ಸಭೆಯಲ್ಲಿ ಕೈಕೂಸುಗಳು ಮಾತ್ರ. ೧೯೮೭ ಮತ್ತು ೧೯೮೮ರಲ್ಲಿ ದೂರದರ್ಶನವು ಭಾನುವಾರದ ಬೆಳಗ್ಗೆ ರಾಮಾಯಣವನ್ನು ತೋರಿಸಿದಾಗ ಬೀದಿಗಳು ಬರಿದಾದುದು ರಾವಣನು ಗೆಲ್ಲಬಹುದೆಂಬ ಸಂಶಯದಿಂದಲ್ಲ. ೨೦೨೦ರಲ್ಲಿ ದೇಶವೆಲ್ಲ ಮನೆಯೊಳಗೆ ಬಾಗಿಲಿಕ್ಕಿಕೊಂಡಿದ್ದಾಗ ಅದೇ ಧಾರಾವಾಹಿಯನ್ನು ಮರಳಿ ಪ್ರಸಾರಮಾಡಿದರು. ಕಥೆಯನ್ನು ಮಾತ್ರವಲ್ಲ, ಮಾತುಗಳನ್ನೂ ಬಾಯಿಪಾಠ ಬಲ್ಲವರು ಮತ್ತೆ ಕುಳಿತು ನೋಡಿದರು.

ಹೀಗಿರುವಲ್ಲಿ ಕೊನೆ ತಿಳಿದರೆ ಕಥೆ ಕೆಡುವುದೆ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಬಹುದಲ್ಲವೆ? ಒಡ್ಡಿದ್ದಾರೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೊ ಶಾಖೆಯ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ೨೦೧೧ರಲ್ಲಿ ೧೨ ಸಣ್ಣಕಥೆಗಳನ್ನು ತೆಗೆದುಕೊಂಡರು. ಕೆಲವು ಪತ್ತೇದಾರಿಯವು, ಕೆಲವು ಕೊನೆಯಲ್ಲಿ ತಿರುವುಳ್ಳವು, ಕೆಲವು ಶುದ್ಧ ಸಾಹಿತ್ಯಿಕವಾದವು. ಕೆಲವು ಓದುಗರಿಗೆ ಕಥೆಯನ್ನು ಇದ್ದ ಹಾಗೆಯೇ ಕೊಟ್ಟರು. ಕೆಲವರಿಗೆ ಕಥೆಗೆ ಮೊದಲು ಗುಟ್ಟನ್ನು ಬಿಟ್ಟುಕೊಡುವ ಒಂದು ಸಣ್ಣ ಪೀಠಿಕೆಯನ್ನು ಸೇರಿಸಿದರು. ಯಾರಿಗೆ ಕಥೆ ಹೆಚ್ಚು ಹಿಡಿಸಿತು? ಗುಟ್ಟು ತಿಳಿದವರಿಗೆ! ಪತ್ತೇದಾರಿಯ ಕಥೆಗಳಲ್ಲಿಯೂ ಇದೇ ಫಲ. ಮುಂದೆ ಏನಾಗುವುದೋ ಎಂದು ಊಹಿಸುವ ಹೊರೆ ಇಳಿದಾಗ ಮನಸ್ಸು ಕಥೆಯ ನಡೆಯನ್ನು ಸಲೀಸಾಗಿ ಹಿಂಬಾಲಿಸುತ್ತದೆ, ಹೆಣಿಗೆಯ ಸೂಕ್ಷ್ಮಗಳು ಕಣ್ಣಿಗೆ ಬೀಳುತ್ತವೆ ಎಂದು ಅವರು ಇದಕ್ಕೆ ಸಮಾಧಾನ ಹೇಳಿದರು.

ಈ ಸುದ್ದಿ ಹರಡಿದಾಗ ಬಾಯಿಬಡುಕರಿಗೆಲ್ಲ ಒಂದು ಪ್ರಮಾಣಪತ್ರ ಸಿಕ್ಕಂತಾಯಿತು. ಆದರೆ ವಿಜ್ಞಾನದಲ್ಲಿ ಒಂದು ಪ್ರಯೋಗದಿಂದ ತೀರ್ಪು ಬರೆಯುವವನು ಅವಸರಗಾರ. ೨೦೧೫ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಎಂಬವರು ನಾಲ್ಕು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿದಾಗ ಫಲವು ತಿರುಗುಮುರುಗಾಯಿತು. ಗುಟ್ಟು ತಿಳಿಯದೆ ಓದಿದ ಕಥೆಗಳೇ ಹೆಚ್ಚು ರಂಜಕವಾಗಿಯೂ ಹೆಚ್ಚು ಮನಕಲಕುವಂಥವಾಗಿಯೂ ಕಂಡುಬಂದವು.

ಇವರಲ್ಲಿ ಯಾರನ್ನು ನಂಬುವುದು? ನನ್ನ ಮಟ್ಟಿಗೆ ಹೇಳುವುದಾದರೆ, ಎರಡು ಪ್ರಯೋಗಗಳೂ ನಮ್ಮ ಹುಡುಗನ ದುಃಖವನ್ನು ಅಳೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಕೈಗಿತ್ತ ಅಪರಿಚಿತ ಸಣ್ಣಕಥೆಯೊಂದು ಅರ್ಧ ಗಂಟೆಯ ಪರಿಚಯ. ಹತ್ತು ದಿನ ಜೊತೆಯಲ್ಲಿ ಬಾಳಿದ ಪಾತ್ರಗಳು ಬಂಧುಗಳಿದ್ದಂತೆ. ಆದರೂ ಈ ಪರಸ್ಪರ ವಿರೋಧದಿಂದಲೇ ಒಂದು ಮಾತು ಸ್ಪಷ್ಟವಾಗುತ್ತದೆ. ಗುಟ್ಟು ಒಡೆದುದರಿಂದ ಆಗುವ ಲಾಭನಷ್ಟ ದೊಡ್ಡದಾಗಿದ್ದರೆ ಎರಡು ತಂಡಗಳು ಎರಡು ದಿಕ್ಕಿಗೆ ಹೋಗುತ್ತಿರಲಿಲ್ಲ. ಅದು ಅಷ್ಟಿಷ್ಟು, ಕಥೆಗೆ ತಕ್ಕಂತೆ, ಓದುಗನ ಸ್ವಭಾವಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುವಂಥದು. ಸರ್ವನಾಶವಂತೂ ಅಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ರಿಚರ್ಡ್ ಗೆರಿಗ್ ೧೯೮೯ರಲ್ಲಿ ಪ್ರಕಟಿಸಿದ ಕೆಲಸ. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲನೆಯ ಅಧ್ಯಕ್ಷನಾದನೆಂಬುದನ್ನು ಅಲ್ಲಿನ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವನಿಗೆ ಆ ಪದವಿ ಬೇಡವಾಗಿತ್ತು, ವಿಶ್ರಾಂತಿ ಬೇಕಾಗಿತ್ತು ಎಂಬ ರೀತಿಯಲ್ಲಿ ಸಂಶಯ ಹುಟ್ಟಿಸುವ ನಾಲ್ಕಾರು ವಾಕ್ಯಗಳನ್ನು ಓದಿಸಿ, ತರುವಾಯ 'ಅವನು ಅಧ್ಯಕ್ಷನಾದನು, ಸರಿಯೋ ತಪ್ಪೋ?' ಎಂಬಂತೆ ಕೇಳಿದರೆ ಓದುಗರು ಉತ್ತರಿಸಲು ಒಂದಿಷ್ಟು ತಡಮಾಡುತ್ತಿದ್ದರು. ತಿಳಿದ ಸಂಗತಿಯ ವಿಷಯದಲ್ಲಿಯೂ ಕಥನವು ಕ್ಷಣಕಾಲ ನಮ್ಮನ್ನು ಅನಿಶ್ಚಯದಲ್ಲಿ ನಿಲ್ಲಿಸಬಲ್ಲದು ಎಂದಾಯಿತು. ಇದಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ೨೦೨೩ರ ಆಗಸ್ಟ್ ೨೩ರ ಸಂಜೆ ಚಂದ್ರಯಾನ-೩ರ ವಿಕ್ರಮ್ ಚಂದ್ರನ ನೆಲವನ್ನು ಮುಟ್ಟಿದುದನ್ನು ನಾನು ಆಮೇಲೆ ಹತ್ತು ಸಲವಾದರೂ ಮರಳಿ ನೋಡಿದ್ದೇನೆ. ಅದು ಸುರಕ್ಷಿತವಾಗಿ ಇಳಿಯುವುದೆಂಬುದು ಎರಡನೆಯ ಸಲದಿಂದ ನಿಶ್ಚಯವಾಗಿ ಗೊತ್ತು. ಆದರೂ ಬೆಂಗಳೂರಿನ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಎತ್ತರದ ಅಂಕಿ ಇಳಿಯುತ್ತ ಬಂದಂತೆ, ೨೦೧೯ರ ಸೆಪ್ಟೆಂಬರಿನಲ್ಲಿ ಅದರ ಅಣ್ಣನಿಗೆ ಒದಗಿದ ಗತಿ ನೆನಪಿಗೆ ಬಂದು, ಪ್ರತಿ ಸಲವೂ ಉಸಿರು ಬಿಗಿಯಾಗುತ್ತದೆ.

ಇನ್ನು ಒಂದೇ ರಾತ್ರಿಯಲ್ಲಿ ನುಂಗುವ ವಿಷಯ. ಇಲ್ಲಿ ಮನಸ್ಸಿನ ಒಂದು ಹಳೆಯ ಗುಣವನ್ನು ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದಾರೆ. ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ ಎಂಬ ಆಚಾರ್ಯನ ಶಿಷ್ಯೆಯಾಗಿದ್ದ ಬ್ಲೂಮಾ ಜೈಗಾರ್ನಿಕ್ ೧೯೨೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದಳು. ಅವಳು ಜನರಿಗೆ ಮಣಿ ಪೋಣಿಸುವುದು, ಒಗಟು ಬಿಡಿಸುವುದು ಮುಂತಾದ ಸಣ್ಣಪುಟ್ಟ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ನಡುವಿನಲ್ಲಿಯೇ ತಡೆದಳು. ಆಮೇಲೆ ಕೇಳಿದಾಗ ಮುಗಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತವೇ ಅವರ ನೆನಪಿನಲ್ಲಿ ಹೆಚ್ಚಾಗಿ ಉಳಿದಿದ್ದವು. ಅವಳ ಸಹಪಾಠಿ ಮರಿಯಾ ಓವ್‌ಸಿಯಾಂಕಿನಾ ಮರುವರ್ಷ ಇನ್ನೊಂದು ಅಂಶವನ್ನು ತೋರಿಸಿದಳು. ಅರ್ಧಕ್ಕೆ ನಿಂತ ಕೆಲಸವನ್ನು, ಯಾರೂ ಹೇಳದಿದ್ದರೂ, ಯಾವ ಪ್ರತಿಫಲವಿಲ್ಲದಿದ್ದರೂ, ಜನರು ತಾವಾಗಿಯೇ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದರು. ಸುಮಾರು ಒಂದು ಶತಮಾನದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ೨೦೨೫ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಜೈಗಾರ್ನಿಕಳ ನೆನಪಿನ ಮಾತು ನಿಲ್ಲಲಿಲ್ಲ. ಓವ್‌ಸಿಯಾಂಕಿನಾಳ ಮಾತು ನಿಂತಿತು. ಹೆಚ್ಚು ಹೆಸರು ಪಡೆದವಳು ಒಬ್ಬಳು, ಕಾಲದ ಪರೀಕ್ಷೆಯಲ್ಲಿ ತೇರ್ಗಡೆಯಾದವಳು ಇನ್ನೊಬ್ಬಳು.

ನಮ್ಮ ವಿಷಯಕ್ಕೆ ಬೇಕಾದುದು ಈ ಎರಡನೆಯದೇ. ಧಾರಾವಾಹಿಯ ಪ್ರತಿ ಕಂತೂ ಒಂದು ಗಂಟನ್ನು ಬಿಗಿದು ನಿಲ್ಲುತ್ತದೆ. ಅದನ್ನು ಬಿಚ್ಚಬೇಕೆಂಬ ತುಡಿತ ಸಹಜವಾಗಿ ಏಳುತ್ತದೆ. ಹಿಂದೆ ಆ ತುಡಿತಕ್ಕೂ ಅದರ ತೃಪ್ತಿಗೂ ನಡುವೆ ಏಳು ದಿನಗಳಿದ್ದವು. ಈಗ ಕೆಲವು ಸೆಕೆಂಡುಗಳಿವೆ. ಅಷ್ಟರೊಳಗೆ ನೀವು ಬೇಡವೆನ್ನದಿದ್ದರೆ ಮುಂದಿನ ಕಂತು ತನ್ನಷ್ಟಕ್ಕೆ ತಾನೇ ಆರಂಭವಾಗುತ್ತದೆ. ನೋಡುವುದಕ್ಕೆ ಯಾವ ನಿರ್ಧಾರವೂ ಬೇಡ, ನಿಲ್ಲಿಸುವುದಕ್ಕೆ ಬೇಕು! ಹೋಟೆಲಿನಲ್ಲಿ ಊಟ ಮುಗಿಸಿದವನು ಏಳುವ ಮೊದಲೇ ಎಲೆಯ ಮೇಲೆ ಮತ್ತೊಂದು ಊಟ ಬಡಿಸುತ್ತ ಹೋದರೆ ನಾವು ಸುಮ್ಮನಿರುವೆವೆ?

ನಮ್ಮ ಹಿರಿಯರೂ ರಾತ್ರಿಯಿಡೀ ಕುಳಿತು ಯಕ್ಷಗಾನ ನೋಡುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನೋಡುತ್ತಿದ್ದರು, ನಾನೂ ನೋಡಿದ್ದೇನೆ, ಮರುದಿನ ತರಗತಿಯಲ್ಲಿ ನಿದ್ರಿಸಿ ಏಟನ್ನೂ ತಿಂದಿದ್ದೇನೆ. ಆದರೆ ಮೇಳವು ಊರಿಗೆ ಬರುತ್ತಿದ್ದುದು ಎಂದೋ ಒಂದು ದಿನ. ಬೆಳಗಾಗುತ್ತಲೇ ಮಂಗಳ ಹಾಡಿ ವೇಷ ಕಳಚುತ್ತಿದ್ದರು. ಐದು ಸೆಕೆಂಡಿನಲ್ಲಿ ಮುಂದಿನ ಪ್ರಸಂಗ ಮೊದಲಾಗುತ್ತಿರಲಿಲ್ಲ.

ಹಾಗೆ ನುಂಗಿದ ಕಥೆ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆ? ಆಸ್ಟ್ರೇಲಿಯದ ಮೆಲ್ಬೋರ್ನ್ ವಿಶ್ವವಿದ್ಯಾನಿಲಯದವರು ೨೦೧೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಹುಡುಕುತ್ತದೆ. ಶೀತಲ ಸಮರದ ಕಾಲದ ಗೂಢಚಾರರನ್ನು ಕುರಿತ ಬಿ.ಬಿ.ಸಿ.ಯ ಆರು ಕಂತುಗಳ ಧಾರಾವಾಹಿಯೊಂದನ್ನು ಆರಿಸಿ, ೫೧ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಆರನ್ನೂ ಒಂದೇ ಬಾರಿಗೆ ನೋಡಿತು, ಎರಡನೆಯದು ದಿನಕ್ಕೊಂದು, ಮೂರನೆಯದು ವಾರಕ್ಕೊಂದು. ಮರುದಿನ ಪರೀಕ್ಷಿಸಿದಾಗ ಒಂದೇ ಬಾರಿಗೆ ನೋಡಿದವರ ನೆನಪೇ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ೧೪೦ ದಿನಗಳ ತರುವಾಯ ಅವರ ನೆನಪೇ ಎಲ್ಲರಿಗಿಂತ ಹೆಚ್ಚು ಸವೆದುಹೋಗಿತ್ತು. ವಾರಕ್ಕೊಂದರಂತೆ ನೋಡಿದವರು ಮೊದಲು ಹಿಂದಿದ್ದರೂ ತಾವು ಪಡೆದುದನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು. ಇಷ್ಟಲ್ಲದೆ, ಒಂದೇ ಪಟ್ಟಿಗೆ ನೋಡಿದವರು ಧಾರಾವಾಹಿಯನ್ನು ಇತರರಷ್ಟು ಮೆಚ್ಚಿಕೊಳ್ಳಲೂ ಇಲ್ಲ.

೫೧ ಜನರ ಪ್ರಯೋಗ ಸಣ್ಣದು, ನಿಜ. ಆದರೆ ಇದು ಒಂಟಿ ಸಾಕ್ಷಿಯಲ್ಲ. ಬಿಡುವು ಕೊಟ್ಟು ಕಲಿತುದು ಒಮ್ಮೆಗೇ ಉರುಹೊಡೆದುದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ೧೮೮೫ರಲ್ಲಿಯೇ ಬರೆದಿಟ್ಟನು. ಅನಂತರದ ನೂರಾರು ಪ್ರಯೋಗಗಳು ಅದನ್ನು ಸ್ಥಿರಪಡಿಸಿವೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ನುಂಗಿದ ವಿದ್ಯಾರ್ಥಿಗೂ ಒಂದೇ ರಾತ್ರಿ ಧಾರಾವಾಹಿ ನುಂಗಿದ ಪ್ರೇಕ್ಷಕನಿಗೂ ಸ್ಮೃತಿಯ ನಿಯಮ ಒಂದೇ. ಕಂತು ಕಂತಿನ ನಡುವಣ ಬಿಡುವಿನಲ್ಲಿ ನಾವು ಕಥೆಯನ್ನು ಮೆಲುಕು ಹಾಕುತ್ತೇವೆ, ಇತರರೊಡನೆ ವಾದಿಸುತ್ತೇವೆ, ಹಿಂದಿನ ಕಂತನ್ನು ನೆನಪಿನಿಂದ ಎಳೆದು ತರುತ್ತೇವೆ. ಹಾಗೆ ಎಳೆದು ತಂದಷ್ಟೂ ನೆನಪು ಬಲವಾಗುತ್ತದೆ. ಹುಡುಗನು ಗುಟ್ಟು ಕೆಟ್ಟೀತೆಂದು ಹೆದರಿ ಮಾಡಿದ ಅವಸರದಿಂದ ಇಡಿಯ ಕಥೆಯೇ ಸವೆದುಹೋಗುವಂತೆ ಮಾಡಿಕೊಂಡನು.

ನಿದ್ರೆಯ ಲೆಕ್ಕ ಬೇರೆಯೇ ಇದೆ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ ೧೮ರಿಂದ ೨೫ ವಯಸ್ಸಿನ ೪೨೩ ಮಂದಿಯನ್ನು ವಿಚಾರಿಸಿ ಎಕ್ಸೆಲ್ಮನ್ಸ್ ಮತ್ತು ವಾನ್ ಡೆನ್ ಬುಲ್ಕ್ ೨೦೧೭ರಲ್ಲಿ ಒಂದು ವರದಿ ಮಾಡಿದರು. ಐವರಲ್ಲಿ ನಾಲ್ವರು ತಾವು ಇಂಥ ಪ್ರೇಕ್ಷಕರೆಂದು ಒಪ್ಪಿಕೊಂಡರು. ಅವರಲ್ಲಿ ಕಳಪೆ ನಿದ್ರೆ, ಆಯಾಸ, ನಿದ್ರಾಹೀನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಗಮನಿಸಬೇಕಾದುದೆಂದರೆ, ಮಲಗುವ ವೇಳೆಗೆ ಮನಸ್ಸು ಕಥೆಯ ಸುಳಿಯಲ್ಲಿ ಸಿಕ್ಕಿ ಉದ್ರಿಕ್ತವಾಗಿದ್ದುದೇ ಈ ಕೊರತೆಗೂ ನೋಡುವ ಅಭ್ಯಾಸಕ್ಕೂ ನಡುವಣ ಕೊಂಡಿಯೆಂದು ಅವರ ಲೆಕ್ಕಾಚಾರ ತೋರಿಸಿತು. ದೀಪ ಆರಿದ ಮೇಲೆಯೂ ಕಥೆ ಆರುವುದಿಲ್ಲ. ಇದು ಒಮ್ಮೆ ಮಾತ್ರ ವಿಚಾರಿಸಿ ಮಾಡಿದ ಸಮೀಕ್ಷೆಯಾದುದರಿಂದ ಯಾವುದು ಕಾರಣ ಯಾವುದು ಕಾರ್ಯ ಎಂದು ಖಂಡಿತವಾಗಿ ಹೇಳಲಾಗದು; ನಿದ್ರೆ ಬಾರದವರೇ ಹೆಚ್ಚು ನೋಡುತ್ತಿರಲೂಬಹುದು. ಆದರೆ ನೆಟ್‌ಫ್ಲಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ಅವರು ಅದೇ ೨೦೧೭ರಲ್ಲಿ ತಮ್ಮ ಸ್ಪರ್ಧೆ ನಿದ್ರೆಯೊಡನೆ ಎಂಬರ್ಥದ ಮಾತನ್ನಾಡಿದರು. ಪ್ರತಿಸ್ಪರ್ಧಿಯೇ ಹೀಗೆ ಬಾಯಿಬಿಟ್ಟು ಹೇಳಿದ ಮೇಲೆ ನಾವು ಸಂಕೋಚಪಡುವುದೇಕೆ?

ಹಾಗೆಂದು ಇದನ್ನು ರೋಗವೆಂದು ಕರೆಯುವವರ ಗುಂಪಿಗೆ ನಾನು ಸೇರಿದವನಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಕಂಪ್ಯೂಟರ್ ಆಟದ ಗೀಳಿಗೆ ಸ್ಥಾನ ಕೊಟ್ಟಿದೆ, ಧಾರಾವಾಹಿಗೆ ಕೊಟ್ಟಿಲ್ಲ. ಬದುಕೇ ಹಳಿ ತಪ್ಪುವಷ್ಟು ಪರದೆಗೆ ಅಂಟಿಕೊಂಡವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೧೪ರಿಂದ ಒಂದು ವಿಶೇಷ ಚಿಕಿತ್ಸಾಲಯವಿದೆ. ಅಲ್ಲಿಗೆ ಹೋಗಬೇಕಾದವರು ಕೆಲವರು. ಮಿಕ್ಕವರಿಗೆ ಬೇಕಾದುದು ವೈದ್ಯನಲ್ಲ, ಎರಡು ಸಣ್ಣ ಉಪಾಯಗಳು. ಮುಂದಿನ ಕಂತು ತಾನಾಗಿ ಆರಂಭವಾಗುವ ಏರ್ಪಾಡನ್ನು ನಿಲ್ಲಿಸಿಡಬಹುದು. ಅದಕ್ಕೆ ಅವಕಾಶವಿದೆ, ಆದರೆ ಹುಡುಕಬೇಕು. ಎರಡನೆಯದು ನಾನೇ ಪರೀಕ್ಷಿಸಿ ನೋಡಿದ್ದು. ಕಂತಿನ ಕೊನೆಯಲ್ಲಿ ನಿಲ್ಲಿಸಲು ಹೋಗಬಾರದು. ಅಲ್ಲಿ ಗಂಟು ಬಿಗಿಯಾಗಿರುತ್ತದೆ. ಮುಂದಿನ ಕಂತಿನ ಮೊದಲ ಹತ್ತು ನಿಮಿಷಗಳಲ್ಲಿ ಆ ಗಂಟು ಸಡಿಲವಾಗುತ್ತದೆ, ಹೊಸ ಗಂಟು ಇನ್ನೂ ಬಿದ್ದಿರುವುದಿಲ್ಲ. ಆಗ ಎದ್ದುಹೋಗುವುದು ಸುಲಭ. ಓವ್‌ಸಿಯಾಂಕಿನಾಳ ತುಡಿತವನ್ನು ಎದುರಿಸುವ ಬದಲು ಅದರ ಪಕ್ಕದಿಂದ ಹಾದುಹೋದಂತೆ.

ಗುಟ್ಟಿನ ವಿಷಯದಲ್ಲಿಯೂ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಬೇಡವೆಂದವನ ಕಿವಿಯಲ್ಲಿ ಕೊನೆಯನ್ನು ಹೇಳುವುದು ಅಸಭ್ಯತೆ. ಯಾವ ಪ್ರಯೋಗವೂ ಅದಕ್ಕೆ ರಕ್ಷಣೆಯಾಗದು. ತನ್ನ ಕಥೆಯನ್ನು ಯಾವ ತುದಿಯಿಂದ ಬಿಚ್ಚಬೇಕೆಂಬುದು ಅವನ ಹಕ್ಕು. ಆದರೆ ಗುಟ್ಟು ಒಡೆದುಹೋದ ಮೇಲೆ ಕಥೆಯೇ ಸತ್ತಿತೆಂದು ಕೈಬಿಡುವುದೂ, ಒಡೆದೀತೆಂದು ರಾತ್ರಿ ನಿದ್ದೆಗೆಡುವುದೂ ತಿಳಿವಿಲ್ಲದ ಕೆಲಸ. ನಮ್ಮ ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ಕಾದಂಬರಿ ಕೈಗೆ ಬಂದರೆ ಅವರು ಮೊದಲು ಓದುವುದು ಕೊನೆಯ ಪುಟವನ್ನು. ನಾಯಕಿ ಬದುಕಿರುವಳೆಂದು ಖಾತ್ರಿಯಾದ ಮೇಲೆ ಮೊದಲ ಪುಟಕ್ಕೆ ಬಂದು, ದಿನಕ್ಕೆ ಹತ್ತು ಹದಿನೈದು ಪುಟದಂತೆ ಒಂದು ತಿಂಗಳು ಓದುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಓದಿದ ಕಾದಂಬರಿಯ ಅಡ್ಡಪಾತ್ರಗಳ ಹೆಸರೂ ಅವರ ನಾಲಗೆಯ ಮೇಲಿದೆ. ನಾನು ಕಳೆದ ವರ್ಷ ಎರಡು ರಾತ್ರಿಗಳಲ್ಲಿ ನೋಡಿ ಮುಗಿಸಿದ ಧಾರಾವಾಹಿಯ ನಾಯಕನ ಹೆಸರು ಈ ಸಾಲನ್ನು ಬರೆಯುವಾಗ ನನಗೆ ನೆನಪಾಗುತ್ತಿಲ್ಲ.

ರಜೆಯ ಕೊನೆಯ ವಾರ ನಮ್ಮಲ್ಲಿ ಒಂದು ಒಪ್ಪಂದವಾಯಿತು. ರಾತ್ರಿ ಊಟವಾದ ಮೇಲೆ ಒಂದೇ ಕಂತು, ಎಲ್ಲರೂ ಕೂಡಿ. ಆರಿಸಿದ ಕಥೆಯನ್ನು ಹುಡುಗಿ ಹಿಂದೆಯೇ ನೋಡಿದ್ದಳು; ಬಾಯಿಗೆ ಬೀಗ ಹಾಕಿಕೊಳ್ಳುವುದಾಗಿ ತಮ್ಮನಿಗೆ ಮಾತು ಕೊಟ್ಟಳು. ಎರಡನೆಯ ರಾತ್ರಿಯೇ ಅಜ್ಜಿ ತಡೆಯಲಾರದೆ, "ಈ ಮಗು ಉಳಿಯುತ್ತೋ ಇಲ್ಲವೋ ಮೊದಲು ಹೇಳಿಬಿಡೇ ತಾಯಿ, ಇಲ್ಲದಿದ್ದರೆ ನನಗೆ ನೋಡುವುದಕ್ಕಾಗುವುದಿಲ್ಲ" ಎಂದರು. ಹುಡುಗನು ಎರಡೂ ಕಿವಿಗಳನ್ನು ಬಲವಾಗಿ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿ ಕುಳಿತನು. ಅಕ್ಕ ಅಜ್ಜಿಯ ಬಳಿಗೆ ಸರಿದು ಅವರ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ಸೆರಗಿನಿಂದ ಕನ್ನಡಕವನ್ನು ಒರೆಸಿ ಹಾಕಿಕೊಂಡು, "ಸರಿ, ಇನ್ನು ಹಾಕು" ಎಂದರು.